ನನ್ನ ಡ್ರಮ್ಮಿನ ಮೈಲುತುತ್ತ ಕೆಳಮನೆಯ ಬಿಂದಿಗೆಗೆ ಹೋದ ಕಥೆ: ಚಿಕ್ಕಮಗಳೂರಿನ ನೀರಿನವರಿಗೆ ಒಂದು ಬಹಿರಂಗ ಪತ್ರ

ಊರಿನ ನೀರು ಸರಬರಾಜು ನೋಡಿಕೊಳ್ಳುವ ಅಧಿಕಾರಿಗಳಿಗೆ, ಎಂಜಿನಿಯರುಗಳಿಗೆ, ಬೆಳಿಗ್ಗೆ ಎದ್ದು ವಾಲ್ವ್ ತಿರುಗಿಸುವವರಿಗೆ, ಹಾಗೇ ನಲ್ಲಿ ಕನೆಕ್ಷನ್ ಇರುವ ಎಲ್ಲ ಮನೆಯವರಿಗೆ,

ನಮಸ್ಕಾರ.

ಮನೆಯೊಳಗಿನ ನೀರು ನಲ್ಲಿ ಪೈಪಿನಿಂದ ಊರಿನ ಲೈನಿಗೆ ವಾಪಸ್ ಹೋಗುವುದರ ಬಗ್ಗೆ, ಅದನ್ನು ತಡೆಯುವುದರ ಬಗ್ಗೆ ಬರೆಯುತ್ತಿದ್ದೇನೆ. ಇದು ದೂರಿನ ಪತ್ರ ಅಲ್ಲ. ದೂರು ಕೊಡುವುದಾದರೆ ಮೊದಲು ನನ್ನ ಮೇಲೇ ಕೊಡಬೇಕು.

ನಮ್ಮದು ಊರಂಚಿನ ಏರಿನಲ್ಲಿರುವ ಮನೆ. ಹಿತ್ತಲಲ್ಲಿ ಹನ್ನೆರಡು ಅಡಿಕೆ ಮರ, ಅವುಗಳ ಮೇಲೆ ಹಬ್ಬಿಸಿದ ಮೆಣಸಿನ ಬಳ್ಳಿ. ತೋಟ ಅಂತ ಹೇಳಿಕೊಂಡರೆ ನಿಜವಾದ ತೋಟದವರು ನಗುತ್ತಾರೆ. ಆದರೂ ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಹೊಡೆಯಲೇಬೇಕು, ಇಲ್ಲದಿದ್ದರೆ ಕೊಳೆ ರೋಗ ಬಿಡುವುದಿಲ್ಲ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, ಅಂದರೆ ನೀಲಿ ಬಣ್ಣದ ಕಾಪರ್ ಸಲ್ಫೇಟ್, 1 ಕೆಜಿ ಸುಣ್ಣ. ಮೈಲುತುತ್ತ ಒಂದು ಡ್ರಮ್ಮಿನಲ್ಲಿ, ಸುಣ್ಣ ಇನ್ನೊಂದರಲ್ಲಿ ಬೇರೆ ಬೇರೆ ಕಲಸಿ ಆಮೇಲೆ ಸೇರಿಸುವುದು. ಕೊನೆಗೆ ಹೊಳೆಯುವ ಚಾಕು ಅದ್ದಿ ನೋಡುವುದು. ಚಾಕುವಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಇದೆಲ್ಲ ನಿಮಗೂ ಗೊತ್ತು.

ಆ ದಿನ ನೀರು ಬಿಟ್ಟಿದ್ದರು. ಮೈಲುತುತ್ತ ಹಾಕಿದ ಡ್ರಮ್ಮಿಗೆ ಹಿತ್ತಲ ನಲ್ಲಿಯಿಂದ ಪೈಪ್ ಬಿಟ್ಟೆ. ಪೈಪ್ ಹಾರಿ ಹೊರಗೆ ಬೀಳಬಾರದು ಅಂತ ಅದರ ತುದಿಗೊಂದು ಕಲ್ಲು ಕಟ್ಟಿ ಡ್ರಮ್ಮಿನ ತಳಕ್ಕೆ ಇಳಿಸಿದೆ. ಬುದ್ಧಿವಂತಿಕೆ ಅಂದುಕೊಂಡೆ. ಅಷ್ಟರಲ್ಲಿ ಫೋನ್ ಬಂತು, ಒಳಗೆ ಹೋದೆ. ವಾಪಸ್ ಬಂದು ನೋಡಿದರೆ ನೀರು ನಿಂತಿದೆ. ಅದಿರಲಿ, ಹೋಗುವಾಗ ಮುಕ್ಕಾಲು ತುಂಬಿದ್ದ ಡ್ರಮ್ಮು ಈಗ ಅರ್ಧಕ್ಕೆ ಇಳಿದಿದೆ! ತೂತಾಗಿರಬೇಕು ಅಂತ ಡ್ರಮ್ಮನ್ನು ಓರೆ ಮಾಡಿ ಅಡಿಗೆ ಕೈ ಹಾಕಿದೆ. ನೆಲ ಒಣಗಿತ್ತು.

ಆಗ ಕೆಳಮನೆ ಅಕ್ಕ ಕೂಗಿದರು. "ಏ ತಮ್ಮಾ, ನಿಮ್ಮನೇಲೂ ನೀರು ನೀಲಿ ಬರ್ತಿದ್ಯಾ?"

ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಅವರು ಹಿಡಿದಿದ್ದು ಸ್ಟೀಲ್ ಬಿಂದಿಗೆಗೆ, ಅದಕ್ಕೇ ಬಣ್ಣ ಕಂಡಿತು. ಹಳೆಯ ಹಿತ್ತಾಳೆ ಕೊಡ ಆಗಿದ್ದರೆ? ನೇರ ಒಲೆ ಮೇಲಿಟ್ಟು ಕಾಫಿ ಮಾಡಿಬಿಡುತ್ತಿದ್ದರೇನೋ. ಮೈಲುತುತ್ತ ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು. ಜಾಸ್ತಿ ಹೋದರೆ ಜೀವಕ್ಕೇ ಅಪಾಯ. ಸಾಲಿನಲ್ಲಿದ್ದ ಮನೆಗಳಿಗೆಲ್ಲ ಓಡಿದೆ. ಕೊಡ ಚೆಲ್ಲಿಸಿದೆ, ಸಂಪು ನೋಡಿಸಿದೆ. ಮುಂದಿನ ಸಲ ನೀರು ಬಂದಾಗ ಎಲ್ಲರ ನಲ್ಲಿಯನ್ನೂ ಸುಮಾರು ಹೊತ್ತು ಸುಮ್ನೆ ಹರಿಯಲು ಬಿಟ್ಟೆವು. ಯಾರಿಗೂ ಏನೂ ಆಗಲಿಲ್ಲ. ಅಕ್ಕ ಮಾತ್ರ ಇವತ್ತಿಗೂ ಮೊದಲ ಲೋಟ ನೀರನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ನೋಡುವಾಗ ಒಮ್ಮೆ ನಮ್ಮ ಮನೆ ಕಡೆಗೂ ಕಣ್ಣು ಹಾಯಿಸುತ್ತಾರೆ.

ಏನಾಗಿತ್ತು ಅನ್ನುವುದನ್ನು ಬಿಡಿಸಿ ಹೇಳಿದವರು ನೀರು ಬಿಡುವವರೇ. "ವಾಲ್ವ್ ಬಂದ್ ಮಾಡಿದ್ಮೇಲೆ ಲೈನ್ ಖಾಲಿ ಆಗ್ತಾ ಹೋಗುತ್ತೆ ಸಾರ್. ಕೆಳಗಿನ ಮನೇಲಿ ನಲ್ಲಿ ತೆರೆದಿದ್ರೆ ಮೇಲಿನ ಮನೇಲಿ ಏನು ಸಿಕ್ಕುತ್ತೋ ಅದನ್ನ ಎಳ್ಕೊಳ್ಳುತ್ತೆ." ಅಷ್ಟೇ ವಿಷಯ. ಕ್ಯಾನಿನಿಂದ ಸೀಮೆಎಣ್ಣೆ ತೆಗೆಯಲು ಪೈಪ್ ಬಾಯಲ್ಲಿಟ್ಟು ಎಳೆಯುತ್ತಿದ್ದೆವಲ್ಲ, ಹಾಗೆ. ಇಲ್ಲಿ ಎಳೆದ ಬಾಯಿ ಇಳಿಜಾರಿನ ಮೇನ್ ಲೈನಿನದ್ದು.

ಇದನ್ನು ಬ್ಯಾಕ್‌ಫ್ಲೋ ಅನ್ನುತ್ತಾರೆ. ಬಂದ ದಾರಿಗೆ ಸುಂಕವಿಲ್ಲ ಅಂತ ನೀರು ವಾಪಸ್ ಹೊರಡುವುದು. ಆಗುವುದು ಎರಡೇ ಕಾರಣಕ್ಕೆ. ಒಂದು, ಲೈನಿನಲ್ಲಿ ಒತ್ತಡ ಸತ್ತು ಅದು ನಮ್ಮಿಂದ ಎಳೆಯುವುದು. ಇನ್ನೊಂದು, ನಮ್ಮ ಕಡೆಯ ಒತ್ತಡ ಜಾಸ್ತಿಯಾಗಿ ನಾವೇ ಲೈನಿಗೆ ತಳ್ಳುವುದು. ದಿನದ 24 ಗಂಟೆಯೂ ಒತ್ತಡ ಇರುವ ಊರಿನಲ್ಲಿ ಎಳೆತ ಅಪರೂಪ. ಪೈಪ್ ಒಡೆಯಬೇಕು, ಇಲ್ಲಾ ಬೆಂಕಿ ಆರಿಸುವವರು ಒಮ್ಮೆಲೇ ನೀರು ಸೆಳೆಯಬೇಕು. ಅಮೆರಿಕದ ಮ್ಯಾಸಚೂಸೆಟ್ಸಿನ ವೂಸ್ಟರ್‌ನಲ್ಲಿ 1969ರಲ್ಲಿ ಹಾಗೇ ಆಯಿತು. ಬೆಂಕಿ ಆರಿಸಲು ನೀರು ಎಳೆದಾಗ ಲೈನಿನ ಒತ್ತಡ ಬಿತ್ತು. ಹೋಲಿ ಕ್ರಾಸ್ ಕಾಲೇಜಿನ ಮೈದಾನದ ಸ್ಪ್ರಿಂಕ್ಲರ್ ಗುಂಡಿಯಲ್ಲಿ ನಿಂತಿದ್ದ ಕೊಳಕು ನೀರು ಕುಡಿಯುವ ನಲ್ಲಿಗೆ ಬಂತು. ಫುಟ್‌ಬಾಲ್ ತಂಡದ ಬಹುಪಾಲು ಹುಡುಗರಿಗೆ ಕಾಮಾಲೆ ಸೋಂಕು ತಗುಲಿ, ಆ ವರ್ಷದ ಆಟವನ್ನೇ ನಿಲ್ಲಿಸಬೇಕಾಯಿತು. ಅಲ್ಲಿ ಯಾವಾಗಲೋ ಒಮ್ಮೆ ಆಗುವ ಈ ಒತ್ತಡದ ಏರಿಳಿತ ಸರದಿ ಮೇಲೆ ನೀರು ಬಿಡುವ ಊರಿನಲ್ಲಿ ಪ್ರತಿ ಸಲ ವಾಲ್ವ್ ಮುಚ್ಚಿದಾಗಲೂ ಆಗುತ್ತದೆ. ಅದರಲ್ಲೂ ನಮ್ಮದು ಏರಿಳಿತದ ಊರು.

ಹಿರೇಕೊಳಲೆ ಕೆರೆಯಿಂದ, ಯಗಚಿಯಿಂದ ನೀರು ತಂದು, ಸೋಸಿ, ಕ್ಲೋರಿನ್ ಹಾಕಿ ಕಳಿಸುತ್ತೀರಿ. ಯಗಚಿಯ ಮಾತು ಬಂತಲ್ಲ, ಒಂದು ಅಡ್ಡಮಾತು. ನಮ್ಮ ಗಿರಿಯಲ್ಲೇ ಹುಟ್ಟಿ ಬೇಲೂರಿಗೆ ಇಳಿದು ಹೋದ ಹೊಳೆಯನ್ನು ಪಂಪ್ ಮಾಡಿ ವಾಪಸ್ ಹತ್ತಿಸಿಕೊಂಡು ಕುಡಿಯುವವರು ನಾವು. ನಮಗೆ ಬೇಕಾದ ಬ್ಯಾಕ್‌ಫ್ಲೋ ಅದೊಂದೇ.

ಈಗ ನಾನು ಎರಡನೇ ಸಲ ದಡ್ಡನಾದ ಕಥೆ. ಆ ಘಟನೆಯಾದ ವಾರವೇ ಹಾರ್ಡ್‌ವೇರ್ ಅಂಗಡಿಗೆ ಹೋದೆ. ವಿಷಯ ಹೇಳಿದೆ. "ಒಂದು ಎನ್‌ಆರ್‌ವಿ ಹಾಕ್ಸಿಬಿಡಿ ಸಾರ್, ತಲೆನೋವೇ ಇಲ್ಲ" ಅಂದರು. ಎನ್‌ಆರ್‌ವಿ ಅಂದರೆ ನಾನ್ ರಿಟರ್ನ್ ವಾಲ್ವ್. ಹಿತ್ತಾಳೆಯದ್ದು, ಒಳಗೊಂದು ಬಾಗಿಲಿನಂಥ ತಟ್ಟೆ. ನೀರು ಮುಂದೆ ಹೋದರೆ ತೆರೆಯುತ್ತದೆ, ಹಿಂದೆ ಬಂದರೆ ಮುಚ್ಚಿಕೊಳ್ಳುತ್ತದೆ. ಪ್ಲಂಬರ್ ಬಂದು ಗೇಟಿನ ಹತ್ತಿರ ಕೂರಿಸಿದ. ನಾನು ನೆಮ್ಮದಿಯಾಗಿದ್ದೆ.

ಎಂಟು ತಿಂಗಳಾದ ಮೇಲೆ, ಬೇರೆ ಏನೋ ರಿಪೇರಿಗೆ ಪೈಪ್ ಬಿಚ್ಚಿದಾಗ ಅದನ್ನೂ ಬಿಚ್ಚಿಸಿದೆ. ತಟ್ಟೆಯ ಅಂಚಿಗೆ ಬಿಳಿ ಟೆಫ್ಲಾನ್ ಟೇಪಿನ ಒಂದು ಎಳೆ ಸುತ್ತಿಕೊಂಡಿತ್ತು. ಅದು ಕೂರಿಸುವಾಗ ನಮ್ಮ ಪ್ಲಂಬರೇ ಸುತ್ತಿದ ಟೇಪು! ಜೊತೆಗೆ ಕೆಳಗಿನ ತುಟಿಯಲ್ಲಿ ನಾಲ್ಕೈದು ಮರಳಿನ ಕಾಳು. ತಟ್ಟೆ ಪೂರ್ತಿ ಕೂರುತ್ತಲೇ ಇರಲಿಲ್ಲ. ಬೆರಳಿನಲ್ಲಿ ಒತ್ತಿ ಹಿಡಿದು ಬೆಳಕಿಗೆ ಒಡ್ಡಿದರೆ ಕೂದಲೆಳೆಯಷ್ಟು ಸಂದಿ ಕಾಣುತ್ತಿತ್ತು. ಎಂಟು ತಿಂಗಳು ನಾನು ನಂಬಿಕೊಂಡಿದ್ದು ಈ ಸಂದಿಯನ್ನು. ಅದು ಮುಚ್ಚಿದೆಯೋ ಇಲ್ಲವೋ ಅಂತ ಹೊರಗಿನಿಂದ ಗೊತ್ತಾಗುವ ದಾರಿಯೇ ಇಲ್ಲ, ಮಾರಾಯ್ರೆ. ಎನ್‌ಆರ್‌ವಿ ಕೆಟ್ಟ ವಸ್ತು ಅಂತಲ್ಲ. ಮೋಟಾರಿನ ಮುಂದೆ, ಗೀಸರಿನ ತಣ್ಣೀರಿನ ಬಾಯಲ್ಲಿ ಅದು ಬೇಕು. ವಿಷ ತಡೆಯುವ ಕೆಲಸಕ್ಕೆ ಅದೊಂದನ್ನೇ ಕಾವಲಿಗಿಡಬಾರದು.

ಅಲ್ಲಿಂದ ಓದತೊಡಗಿದೆ, ಕೇಳತೊಡಗಿದೆ. ನನಗೆ ತಿಳಿದ ಒಂದೇ ಮಾತು ಹೇಳಲು ಇಷ್ಟು ಪೀಠಿಕೆ ಆಯಿತು. ಯಾವ ಸಾಧನ ಹಾಕಿಸಬೇಕು ಅಂತ ಅಂಗಡಿಯಲ್ಲಿ ಕೇಳುವ ಮೊದಲು, ವಾಪಸ್ ಹೋದರೆ ಏನು ಹೋಗುತ್ತದೆ ಅಂತ ಮನೆಯಲ್ಲಿ ಕೇಳಿಕೊಳ್ಳಬೇಕು. ಹೀಗೆ ಕೇಳಿಕೊಂಡರೆ ನಮ್ಮ ಊರಿನ ಹೆಚ್ಚಿನ ಮನೆಗಳಿಗೆ ಬೇಕಾಗುವುದು ವಾಲ್ವ್ ಅಲ್ಲ. ಒಂದು ಹ್ಯಾಕ್‌ಸಾ ಬ್ಲೇಡು.

ನಿಮ್ಮ ಸಂಪಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಬೀದಿಯಿಂದ ಬಂದ ಪೈಪ್ ಎಲ್ಲಿ ಕೊನೆಯಾಗುತ್ತದೆ? ನಮ್ಮ ಮನೆಯಲ್ಲಿ ಸಂಪಿನ ತಳಕ್ಕೆ ಒಂದು ಗೇಣು ಬಿಟ್ಟು ಕೊನೆಯಾಗಿತ್ತು. ರಾತ್ರಿ ನೀರು ಬಿದ್ದರೆ ಸದ್ದಾಗುತ್ತದೆ ಅಂತ ನಮ್ಮಪ್ಪನೇ ಕಟ್ಟುವಾಗ ಉದ್ದ ಮಾಡಿಸಿದ್ದಂತೆ. ಸಂಪು ತುಂಬಿದ ಮೇಲೆ ಆ ಪೈಪಿನ ಬಾಯಿ ನೀರಿನಲ್ಲಿ ಮುಳುಗಿರುತ್ತದೆ. ಬೀದಿಯ ಲೈನ್ ಖಾಲಿಯಾದಾಗ ಸಂಪಿನ ನೀರು ವಾಪಸ್. ಸಂಪಿನಲ್ಲಿ ಸತ್ತ ಹಲ್ಲಿ ಇದ್ದರೆ ಅದರ ಪಾಲೂ ಊರಿಗೆ. ಅಕ್ಕಪಕ್ಕದ ಆರು ಸಂಪು ನೋಡಿದೆ. ನಾಲ್ಕರಲ್ಲಿ ಪೈಪ್ ಮುಳುಗಿತ್ತು.

ಇದಕ್ಕೆ ಮದ್ದು ಗಾಳಿಯ ಅಂತರ. ಪೈಪಿನ ಬಾಯಿಗೂ ನೀರು ಏರಬಹುದಾದ ಕೊನೆಯ ಮಟ್ಟಕ್ಕೂ ಮಧ್ಯೆ ಖಾಲಿ ಜಾಗ ಬಿಡುವುದು. ಎಷ್ಟು? ಪೈಪಿನ ಅಗಲದ ಎರಡರಷ್ಟು, ಎಷ್ಟೇ ಸಣ್ಣ ಪೈಪಾದರೂ 1 ಇಂಚಿಗೆ ಕಡಿಮೆ ಇಲ್ಲದಂತೆ. ಒಂದಿಂಚಿನ ಪೈಪಿಗೆ 2 ಇಂಚು. ನೀರನ್ನು ಮುಟ್ಟದ ಬಾಯಿ ನೀರು ಹೀರುವುದು ಹೇಗೆ? ಗಾಳಿ ಹೀರುತ್ತದೆ, ಅಷ್ಟೇ. ಸ್ಪ್ರಿಂಗ್ ಇಲ್ಲ, ರಬ್ಬರ್ ಇಲ್ಲ, ಕೆಡಲು ಏನೂ ಇಲ್ಲ. ಎಂಥ ವಿಷಕ್ಕೂ, ಎಳೆತಕ್ಕೂ ತಳ್ಳುವಿಕೆಗೂ ಇದಕ್ಕಿಂತ ಗಟ್ಟಿ ಕಾವಲು ಇಲ್ಲ. ಪೈಪನ್ನು ಕೊಯ್ದೆ, ಐದು ನಿಮಿಷದ ಕೆಲಸ.

ಒಂದು ಕೊಂಕಿದೆ, ಮುಚ್ಚಿಡುವುದಿಲ್ಲ. ಅಂತರವನ್ನು ಅಳೆಯಬೇಕಾದ್ದು ದಿನಾ ನಿಲ್ಲುವ ನೀರಿನ ಮಟ್ಟದಿಂದ ಅಲ್ಲ, ಸಂಪು ತುಂಬಿದಾಗ ನೀರು ನಿಲ್ಲಿಸುವ ಬಾಲ್‌ವಾಲ್ವ್ ಕೈಕೊಟ್ಟ ದಿನ ನೀರು ಉಕ್ಕಿ ಹೊರಗೆ ಚೆಲ್ಲುವ ಮಟ್ಟದಿಂದ. ನೆಲದೊಳಗಿನ ಸಂಪಿಗೆ ಓವರ್‌ಫ್ಲೋ ಪೈಪ್ ಇಡಲು ಎಷ್ಟೋ ಕಡೆ ಜಾಗ ಇರುವುದಿಲ್ಲ. ಹಾಗಿದ್ದರೆ ಪೈಪನ್ನು ಮುಚ್ಚಳಕ್ಕಿಂತ ಮೇಲೆ ಎತ್ತಿ, ಬಗ್ಗಿಸಿ, ಮೇಲಿನಿಂದಲೇ ನೀರು ಬೀಳುವ ಹಾಗೆ ಮಾಡಬೇಕು. ಅರ್ಧ ಅಡಿ ಎತ್ತಿದರೆ ಅರ್ಧ ಅಡಿಯಷ್ಟು ಒತ್ತಡ ಹೋಗುತ್ತದೆ. ಲೈನಿನ ಕೊನೆಯ ಮನೆಯವರಿಗೆ ಇದು ಸಣ್ಣ ಮಾತಲ್ಲ, ಗೊತ್ತು. ಅಂಥವರಿಗೆ ನೀರೇ ಬರುವುದಿಲ್ಲ ಅಂತಾದರೆ ಬೇರೆ ದಾರಿ ನೋಡಬೇಕು. ಆದರೆ ಮೊದಲು ಎತ್ತಿ ನೋಡಲಿ.

ಹಿತ್ತಲ ನಲ್ಲಿಗೆ ಬೇರೆ ಲೆಕ್ಕ. ಅದಕ್ಕೆ ಪೈಪ್ ಸಿಕ್ಕಿಸುತ್ತೇವೆ, ಪೈಪಿನ ತುದಿ ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. ಎಮ್ಮೆಯ ಬಾನಿ, ಕಾರು ತೊಳೆಯುವ ಬಕೆಟ್, ಔಷಧಿ ಡ್ರಮ್ಮು. ನಲ್ಲಿಗೂ ಪೈಪಿಗೂ ಮಧ್ಯೆ ತಿರುಪುವ ಒಂದು ಸಣ್ಣ ಹಿತ್ತಾಳೆ ತುಂಡು ಬರುತ್ತದೆ, ವ್ಯಾಕ್ಯೂಮ್ ಬ್ರೇಕರ್ ಅಂತ. ಒಳಗೆ ರಬ್ಬರ್ ಬಿಲ್ಲೆ. ಒತ್ತಡ ಸತ್ತ ಕೂಡಲೇ ಬಿಲ್ಲೆ ಸರಿದು ಹೊರಗಿನ ಗಾಳಿಯನ್ನು ಒಳಗೆ ಬಿಡುತ್ತದೆ, ಎಳೆತ ಅಲ್ಲೇ ಕಡಿಯುತ್ತದೆ. ಇದು ಎಳೆತಕ್ಕೆ ಮಾತ್ರ, ತಳ್ಳುವಿಕೆಗೆ ಅಲ್ಲ. ಪೈಪನ್ನು ತಾರಸಿಗೆ ಎತ್ತಿ ಕಟ್ಟಿದರೆ ಪ್ರಯೋಜನ ಇಲ್ಲ. ತುದಿಯಲ್ಲಿ ಗನ್ ಹಾಕಿ ಮುಚ್ಚಿ, ನಲ್ಲಿ ತೆರೆದಿಟ್ಟು ದಿನಗಟ್ಟಲೆ ಬಿಡುವುದೂ ಬೇಡ, ಬಿಲ್ಲೆ ಅಂಟಿಕೊಳ್ಳುತ್ತದೆ. ನನ್ನದಕ್ಕೆ ಅದನ್ನು ಹಾಕಿದ್ದೇನೆ. ಡ್ರಮ್ಮಿನ ಬಾಯಿಗೆ ಅಡ್ಡ ಒಂದು ಅಡಿಕೆ ದಬ್ಬೆಯನ್ನೂ ಕಟ್ಟಿದ್ದೇನೆ, ಪೈಪಿನ ತುದಿ ಅದರ ಮೇಲೇ ನಿಲ್ಲುತ್ತದೆ. ಕಲ್ಲು ಬಿಸಾಕಿದೆ.

ಕಕ್ಕಸಿನ ಜೆಟ್ ಸ್ಪ್ರೇ ಬಗ್ಗೆ ಬರೆಯಲು ಸಂಕೋಚ, ಆದರೂ ಬರೆಯುತ್ತೇನೆ. ಅದನ್ನು ಕೊಕ್ಕೆಗೆ ಹಾಕದೆ ಬಕೆಟ್ಟಿನಲ್ಲಿ ಮುಳುಗಿಸಿ ಬಿಡುತ್ತೇವೆ, ಕೆಲವೊಮ್ಮೆ ಕಮೋಡಿನೊಳಗೇ ಜೋತಾಡುತ್ತಿರುತ್ತದೆ. ಮೇಲಿನ ಟ್ಯಾಂಕ್ ಖಾಲಿಯಾದಾಗ ಅದೇ ಪೈಪಿನ ಕೆಳಗಿನ ನಲ್ಲಿ ತೆರೆದರೆ ಏನು ಎಳೆಯುತ್ತದೆ, ನೀವೇ ಯೋಚಿಸಿ. ಅದರ ಕೊಕ್ಕೆ ಎತ್ತರದಲ್ಲಿರಲಿ, ಕೊಳವೆ ಕಮೋಡಿಗೆ ಮುಟ್ಟದಷ್ಟು ಗಿಡ್ಡ ಇರಲಿ. ಕುಡಿಯುವ ನೀರಿನ ಪೈಪ್ ಟ್ಯಾಂಕಿನಿಂದಲೇ ಬೇರೆ ಬಂದರೆ ಇನ್ನೂ ಒಳ್ಳೆಯದು.

ಬೋರ್‌ವೆಲ್ಲೂ ನಲ್ಲಿಯೂ ಎರಡೂ ಇರುವ ಮನೆಗಳು ನಮ್ಮಲ್ಲಿ ಬೇಕಾದಷ್ಟು. ಎರಡನ್ನೂ ಒಂದೇ ಪೈಪಿಗೆ ಸೇರಿಸಿ ಮಧ್ಯೆ ಗೇಟ್‌ವಾಲ್ವ್ ಇಟ್ಟಿರುತ್ತಾರೆ. ಇದು ತಳ್ಳುವ ಜಾತಿ. ಗೇಟ್‌ವಾಲ್ವ್ ಸ್ವಲ್ಪ ಸೋರಿದರೂ ಸಾಕು, ನಮ್ಮ ಮೋಟಾರು ನಮ್ಮ ಬೋರಿನ ನೀರನ್ನು ಊರಿಗೆ ಹಂಚುತ್ತದೆ, ಕರೆಂಟ್ ಬಿಲ್ ನಮ್ಮದೇ. ಇದಕ್ಕೆ ವಾಲ್ವ್ ಹುಡುಕುವುದೇ ತಪ್ಪು. ಆ ಜೋಡಣೆಯನ್ನೇ ಕಡಿದು, ಎರಡು ಪೈಪನ್ನೂ ಬೇರೆ ಬೇರೆಯಾಗಿ ಮೇಲಿನಿಂದ ಸಂಪಿಗೆ ಬೀಳಿಸಿ. ಬೀದಿ ಲೈನಿಗೆ ನೇರ ಮೋಟಾರ್ ಹಾಕಿ ಎಳೆಯುವವರ ಬಗ್ಗೆ ಏನು ಹೇಳಲಿ? ಅವರು ನೀರು ಕದಿಯುತ್ತಾರೆ ಅಂತ ಬೈಯುತ್ತೇವೆ. ನೀರಿನ ಜೊತೆಗೆ ಒಡೆದ ಪೈಪಿನ ಸಂದಿಯಿಂದ ಚರಂಡಿ ನೀರನ್ನೂ ಲೈನಿನೊಳಗೆ ಎಳೆದು ತರುತ್ತಾರೆ. ಬೈಗುಳ ಸಾಲದು ಅನಿಸುತ್ತದೆ.

ಹಾಗಾದರೆ ದೊಡ್ಡ ಸಾಧನ ಯಾರಿಗೆ? ಕೆಲವರಿಗೆ ಬೇಕೇ ಬೇಕು. ಬರೀ ಬಣ್ಣವೋ ರುಚಿಯೋ ಕೆಡುವ, ಕಾಯಿಲೆ ತರದ ನೀರು ವಾಪಸ್ ಹೋಗಬಹುದಾದ ಕಡೆ ಡಬಲ್ ಚೆಕ್ ಸಾಕು. ಎರಡು ತಡೆ ಬಾಗಿಲು ಒಂದರ ಹಿಂದೆ ಒಂದು, ಎರಡನ್ನೂ ಬೇರೆ ಬೇರೆ ಪರೀಕ್ಷೆ ಮಾಡಲು ಪಕ್ಕದಲ್ಲಿ ಸಣ್ಣ ನಲ್ಲಿಗಳು. ಆಸ್ಪತ್ರೆ, ಲ್ಯಾಬು, ಸರ್ವಿಸ್ ಸ್ಟೇಷನ್, ಬಣ್ಣ ರಾಸಾಯನಿಕ ಬಳಸುವ ಘಟಕಗಳು ಗಾಳಿಯ ಅಂತರ ಬಿಡಲು ಆಗದಿದ್ದರೆ ಆರ್‌ಪಿಝೆಡ್ ಹಾಕಬೇಕು. ರೆಡ್ಯೂಸ್ಡ್ ಪ್ರೆಶರ್ ಝೋನ್ ಅನ್ನುವುದರ ಗಿಡ್ಡ ಹೆಸರು ಅದು. ಇದರಲ್ಲೂ ಎರಡು ಬಾಗಿಲು, ಮಧ್ಯೆ ಒಂದು ಕೋಣೆ, ಕೋಣೆಗೊಂದು ಕಿಂಡಿ. ಬಾಗಿಲು ಕೈಕೊಟ್ಟು ಒತ್ತಡದ ಲೆಕ್ಕ ತಪ್ಪಿದರೆ ಕಿಂಡಿ ತೆರೆದು ನೀರು ಹೊರಗೆ ಚೆಲ್ಲುತ್ತದೆ, ಹಿಂದಕ್ಕೆ ಮಾತ್ರ ಹೋಗಲು ಬಿಡುವುದಿಲ್ಲ. ಒಳ್ಳೆಯ ಸಾಧನ. ಆದರೆ ಮೂರು ವಿಷಯ ತಿಳಿದು ಕೊಳ್ಳಿ.

ಅದು ಒತ್ತಡ ನುಂಗುತ್ತದೆ. ಸುಮಾರು 10 ಪಿಎಸ್‌ಐ ಹೋಯಿತು ಅಂದರೆ 7 ಮೀಟರ್, ಎರಡು ಮಹಡಿಯ ಎತ್ತರಕ್ಕೆ ನೀರು ಏರುವಷ್ಟು ಬಲ ಹೋದ ಹಾಗೆ. ಸರದಿ ನೀರಿನ ಸಣ್ಣ ಮನೆಗೆ ಇದನ್ನು ಹಾಕಿಸಿದರೆ ನಲ್ಲಿಯಲ್ಲಿ ಬರೀ ಗಾಳಿ ಬರುತ್ತದೆ. ಎರಡನೆಯದು ಮಲೆನಾಡಿನವರಿಗೆ ಅಂತಲೇ ಹೇಳುವ ಮಾತು. ಅದನ್ನು ಗುಂಡಿಯಲ್ಲಿ ಇಡಬೇಡಿ. ಜುಲೈ ತಿಂಗಳ ಮಳೆಗೆ ನಮ್ಮ ಗೇಟಿನ ಪಕ್ಕದ ವಾಲ್ವ್ ಗುಂಡಿಗಳು ಬಾವಿಯಾಗುತ್ತವೆ. ಕಿಂಡಿ ಕೆಸರು ನೀರಿನಲ್ಲಿ ಮುಳುಗಿದರೆ ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದ ಹಾಗೆ. ನೆಲದಿಂದ ಒಂದು ಅಡಿ ಮೇಲೆ, ಕೆಳಗೆ ನೀರು ಹರಿದುಹೋಗಲು ಜಾಗ ಇರುವ ಕಡೆ ಕೂರಿಸಬೇಕು. ಮೂರು, ವರ್ಷಕ್ಕೊಮ್ಮೆ ಪರೀಕ್ಷೆ ಆಗಬೇಕು. ಪರೀಕ್ಷೆ ಮಾಡುವವರು ಯಾರು, ಒಳಗಿನ ರಬ್ಬರು ಸ್ಪ್ರಿಂಗು ಸಿಗುತ್ತದಾ ಅಂತ ಬೆಲೆ ಕೇಳುವ ಮೊದಲೇ ಕೇಳಿ. ಕಿಂಡಿಯಿಂದ ನೀರು ಸೋರುತ್ತಿದೆ ಅಂತ ಯಾರಾದರೂ ಎಂಸೀಲ್ ಮೆತ್ತಿದರೆ ಮುಗಿಯಿತು ಕಥೆ.

ಲಾಡ್ಜು, ಹೋಂಸ್ಟೇ ನಡೆಸುವವರಿಗೆ ಒಂದು ಹಳೆಯ ಸಂಗತಿ ಹೇಳುತ್ತೇನೆ. 1933ರಲ್ಲಿ ಶಿಕಾಗೋದಲ್ಲಿ ದೊಡ್ಡ ಜಾತ್ರೆಯಂಥ ವಿಶ್ವಮೇಳ ನಡೆಯಿತು. ಊರಿನ ಎರಡು ಹೋಟೆಲುಗಳಲ್ಲಿ ಪೈಪುಗಳ ತಪ್ಪು ಜೋಡಣೆಯಿಂದ ಕಕ್ಕಸಿನ ನೀರು ಕುಡಿಯುವ ನೀರಿಗೆ ಸೇರಿತು. ಬಂದ ಅತಿಥಿಗಳು ಆಮಶಂಕೆಯನ್ನು ಹೊತ್ತುಕೊಂಡೇ ತಮ್ಮ ತಮ್ಮ ಊರಿಗೆ ಹೋದರು. 98 ಜನ ಸತ್ತರು. ಕಾಯಿಲೆ ಬೇರೆ ಬೇರೆ ಊರುಗಳಲ್ಲಿ ಕಾಣಿಸಿಕೊಂಡಿದ್ದರಿಂದ ಮೂಲ ಎಲ್ಲಿ ಅಂತ ಹುಡುಕುವುದೇ ಕಷ್ಟವಾಯಿತು. ಶನಿವಾರ ಬಂದು ಮುಳ್ಳಯ್ಯನಗಿರಿ ಹತ್ತಿ ಭಾನುವಾರ ಸಂಜೆ ಬೆಂಗಳೂರಿಗೆ ಹೊರಡುವ ಅತಿಥಿಯ ಹೊಟ್ಟೆ ಬುಧವಾರ ಕೆಟ್ಟರೆ ನಮಗೆ ಗೊತ್ತಾಗುತ್ತದಾ? ಸ್ವಂತ ಬೋರಿನಿಂದಲೇ ಡ್ರಿಪ್ಪಿಗೆ ಗೊಬ್ಬರ ಬಿಡುವವರು ಇನ್ನೊಂದು ನೋಡಿಕೊಳ್ಳಬೇಕು. ಪಂಪ್ ನಿಂತಾಗ ಗೊಬ್ಬರದ ನೀರು ಬೋರಿಗೇ ವಾಪಸ್ ಇಳಿಯಬಹುದು. ಆ ಬೋರಿನ ನೀರನ್ನೇ ಅತಿಥಿಗೂ ಕೊಡುತ್ತೇವೆ, ನಾವೂ ಕುಡಿಯುತ್ತೇವೆ.

ಇಷ್ಟು ಹೇಳಿ, ಅಧಿಕಾರಿಗಳಲ್ಲಿ ನನ್ನ ಕೋರಿಕೆ. ಎಲ್ಲರೂ ವಾಲ್ವ್ ಹಾಕಿಸಿ ಅಂತ ಒಂದೇ ಆದೇಶ ದಯವಿಟ್ಟು ಹೊರಡಿಸಬೇಡಿ. ಹೊರಡಿಸಿದರೆ ಎಲ್ಲರೂ ಅಗ್ಗದ ಎನ್‌ಆರ್‌ವಿ ತಂದು ಸಿಕ್ಕಿಸಿ ಫೋಟೊ ಕೊಡುತ್ತಾರೆ, ನನ್ನ ಹಾಗೆ ನೆಮ್ಮದಿಯಾಗಿ ಮಲಗುತ್ತಾರೆ. ಅದರ ಬದಲು ಹೊಸ ಕನೆಕ್ಷನ್ ಕೊಡುವಾಗ ಒಂದೇ ಒಂದು ಸಲ ಸಂಪಿನ ಮುಚ್ಚಳ ತೆಗೆಸಿ ನೋಡಿ. ಪೈಪ್ ಮುಳುಗಿದ್ದರೆ ಕೊಯ್ಯಿಸಿ, ಬೋರಿನ ಜೋಡಣೆ ಇದ್ದರೆ ಬಿಡಿಸಿ, ಆಮೇಲೆ ನೀರು ಕೊಡಿ. ಆಸ್ಪತ್ರೆ, ಲ್ಯಾಬ್, ಸರ್ವಿಸ್ ಸ್ಟೇಷನ್ನುಗಳ ಪಟ್ಟಿ ಬೇರೆ ಮಾಡಿ, ಅವರಿಗೆ ಮಾತ್ರ ದೊಡ್ಡ ಸಾಧನ ಕಡ್ಡಾಯವಾಗಲಿ, ವರ್ಷಕ್ಕೊಮ್ಮೆ ಪರೀಕ್ಷೆಯ ಚೀಟಿ ಕೇಳಿ. ಊರಿನ ಪ್ಲಂಬರುಗಳನ್ನು ಕರೆದು ಅರ್ಧ ದಿನ ಕೂರಿಸಿ ಈ ವಿಷಯ ಮಾತಾಡಿ, ಟೀ ಬನ್ನಿನ ಖರ್ಚು ನಾನು ಕೊಡುತ್ತೇನೆ. ಬೇಕಾದರೆ ಎಂಟು ತಿಂಗಳ ಆ ಎನ್‌ಆರ್‌ವಿಯನ್ನೂ ತರುತ್ತೇನೆ. ಟೆಫ್ಲಾನ್ ಎಳೆ ಅದರಲ್ಲಿ ಹಾಗೇ ಇದೆ, ತೆಗೆದಿಲ್ಲ.

ಅಕ್ಕಪಕ್ಕದ ನಾಲ್ಕು ಸಂಪುಗಳಲ್ಲಿ ಮೂರರ ಪೈಪ್ ಕೊಯ್ದಾಗಿದೆ. ನಾಲ್ಕನೆಯವರು ಬೆಂಗಳೂರಿನಲ್ಲಿದ್ದಾರೆ, ಬೀಗದ ಕೈ ಕೆಳಮನೆ ಅಕ್ಕನ ಹತ್ತಿರ ಇದೆ. ಅವರು ಬಂದು ಒಪ್ಪಿಗೆ ಕೊಟ್ಟ ಮೇಲೆ ಅದನ್ನೂ ಮುಗಿಸುತ್ತೇವೆ. ಬ್ಲೇಡು ನನ್ನ ಹತ್ತಿರ ಇದೆ.

ಇಂತಿ,
ಮೇಲ್ಮನೆಯವನು
ಚಿಕ್ಕಮಗಳೂರು